ಅಮ್ಮನ ಕೋಣೆಯ ಕ್ಯಾಮೆರಾ

ಕ್ಯಾಮೆರಾದವನ ಮೇಲೆ ನನಗೆ ಮನಸ್ಸಾಗಿತ್ತು. ಮುಚ್ಚಿಟ್ಟು ಏನು ಬಂತು? ನಾನು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿರುವಾಗ ಹಾಸಿಗೆ ಹಿಡಿದ ಅಮ್ಮನ ಮೇಲೆ ಫೋನಿನಲ್ಲೇ ಕಣ್ಣಿಡಬಹುದು ಎಂದು ಅವಳ ಕೋಣೆಗೆ ಕ್ಯಾಮೆರಾ ಹಾಕಿಸಿದ್ದೆ. ಹಾಕಿಕೊಟ್ಟವನು ಇವನು. ಆಮೇಲೆ ತಿಂಗಳಿಗೊಮ್ಮೆ "ಅಪ್‌ಡೇಟ್ ಮಾಡ್ಬೇಕಿತ್ತು" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಅದೇನ್ರೀ ಅಷ್ಟೊಂದು ಅಪ್‌ಡೇಟು?" ಎಂದು ಒಮ್ಮೆ ಕೇಳಿದೆ.

"ಇದರೊಳಗಿನ ಸಾಫ್ಟ್‌ವೇರಲ್ಲಿ ತೂತು ಇರ್ತವೆ. ಕಂಪನಿ ತೇಪೆ ಕಳಿಸುತ್ತೆ. ಹಾಕದಿದ್ರೆ ಕಳ್ಳ ನುಗ್ತಾನೆ."

"ನೀವಾಗ್ಲೇ ನುಗ್ಗಿದ್ದೀರಲ್ಲ!"

ಅವನ ಕಿವಿ ಕೆಂಪಾಯಿತು, ಸ್ಕ್ರೂಡ್ರೈವರ್ ಕೈಜಾರಿತು. ಎತ್ತಲು ಇಬ್ಬರೂ ಬಗ್ಗಿ ತಲೆಗೆ ತಲೆ ಡಿಕ್ಕಿ.

"ಇನ್ನೊಂದ್ಸಲ ಹೊಡೀರಪ್ಪಾ, ಇಲ್ದಿದ್ರೆ ಕೊಂಬು ಬರುತ್ತೆ!" ಅಮ್ಮ ಮಲಗಿದಲ್ಲೇ ಕೂಗಿದಳು. ಅವನು ಮೆಲ್ಲಗೆ ಹಣೆ ತಾಗಿಸಿದ, ತೆಗೆಯುವುದನ್ನೇ ಮರೆತ. ನಾನೂ ನೆನಪಿಸಲಿಲ್ಲ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಫೋನ್ ತೆರೆದರೆ ಕ್ಯಾಮೆರಾ ತಾನಾಗಿ ತಿರುಗುತ್ತಿದೆ. ಹಗಲು ನೋಡಿಕೊಳ್ಳಲು ಬರುವ ಆಯಾ ಅಮ್ಮನ ಮೈ ಒರೆಸುತ್ತಿದ್ದಳು. ಕ್ಯಾಮೆರಾದ ಸ್ಪೀಕರಿನೊಳಗಿಂದ ಯಾವನೋ ನಕ್ಕ. "ಈ ಕಡೆ ತಿರುಗೇ, ಮುದುಕಿ" ಎಂದ. ಅಮ್ಮ ಎರಡೂ ಕೈಯಿಂದ ಎದೆ ಮುಚ್ಚಿಕೊಂಡಳು.

ಮನೆಗೆ ಓಡಿಬಂದು ವೈರು ಕಿತ್ತೆಸೆದೆ. ಅಮ್ಮ ಗೋಡೆಯತ್ತ ಮುಖ ಮಾಡಿದ್ದಳು.

ಅವನನ್ನು ಕರೆಸಿದೆ. ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದವನ ಮುಖ ಬಿಳಿಚಿಕೊಂಡಿತು.

"ಅಪ್‌ಡೇಟೇ ಆಗಿಲ್ಲ" ಎಂದ. "ಹಾಕಿದ ದಿನ ಹೆಂಗಿತ್ತೋ ಹಂಗೇ ಇದೆ."

"ಮತ್ತೆ ತಿಂಗಳು ತಿಂಗಳು ಬಂದು ಕಡಿದು ಕಟ್ಟೆ ಹಾಕಿದ್ದೇನು?"

"ಒಂದ್ಸಲ ಹಾಕಿಬಿಟ್ರೆ ಆಮೇಲಿನವೆಲ್ಲ ತಾನಾಗೇ ಬರ್ತವೆ. ಆಗ ನನ್ನನ್ಯಾಕೆ ಕರೀತೀರಿ? ಮುಂದಿನ ಸಲ ಹಾಕೋಣ, ಮುಂದಿನ ಸಲ ಹಾಕೋಣ ಅಂತ..." ಅವನು ಪರದೆಯಿಂದ ಕಣ್ಣೆತ್ತಿದ. "ನಂಗೆ ನೀವಂದ್ರೆ ಪ್ರಾಣ."

ಈ ಮಾತಿಗೆ ಏನು ಹೇಳಬೇಕೆಂದು ಕನ್ನಡಿ ಮುಂದೆ ನಿಂತು ಎಷ್ಟು ಸಲ ಅಭ್ಯಾಸ ಮಾಡಿದ್ದೆ! ಈಗ ಬಂದದ್ದು ಸಿಟ್ಟೊಂದೇ. ನಂಬಿಸಿ ಕುತ್ತಿಗೆ ಕೊಯ್ದವನು ಎದುರಿಗೇ ಕೂತು ಪ್ರೀತಿ ಹೇಳುತ್ತಿದ್ದಾನೆ. ಅದೂ ಆ ಹಾಳು ಚಂದದ ಕಣ್ಣಿಟ್ಟುಕೊಂಡು.

"ಬರ್ಲಾ ಅಂದಿದ್ರೆ ಸಾಕಿತ್ತಲ್ಲೋ. ಬಾ ಅಂತಿದ್ದೆ."

"ಈಗ್ಲೇ ಅಪ್‌ಡೇಟ್ ಹಾಕ್ತೀನಿ. ಪಾಸ್‌ವರ್ಡೂ ಬದಲಾಯಿಸ್ತೀನಿ."

"ಹೇಳ್ಕೊಡು. ನಾನೇ ಮಾಡ್ತೀನಿ."

ಹೇಳಿಕೊಟ್ಟ. ಪರದೆಯ ಮೇಲೆ ಹಸಿರು ಗೆರೆ ನಿಧಾನಕ್ಕೆ ತುಂಬುತ್ತಿತ್ತು. ಅವನ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು, ನಾನು ಸರಿದು ಕೂರಲಿಲ್ಲ. ನನ್ನ ಕಣ್ಣೀರು ಮಾತ್ರ ಸುರಿಯುತ್ತಲೇ ಇತ್ತು. ಪಾಸ್‌ವರ್ಡ್ ಕೇಳಿದಾಗ "ಆ ಕಡೆ ತಿರುಗು" ಎಂದೆ. ತಿರುಗಿದ.

ಹೊರಡುವಾಗ ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮಾ, ತಪ್ಪಾಯ್ತು" ಎಂದ.

ಅವಳು ಹೊದಿಕೆಯನ್ನು ಮುಖದ ಮೇಲೆಳೆದುಕೊಂಡಳು.

ನಾನು ಹೊರಬಾಗಿಲು ತೆರೆದು ಹಿಡಿದೆ. "ನಂಗೆ ಈಗ್ಲೂ ನೀನಂದ್ರೆ ಇಷ್ಟ" ಎಂದೆ. "ಹೋಗು."