ಕಿವಿಯ ಮೇಲಿನ ಗುಂಗುರು

"ಇದನ್ನ ನಾಯಿ ಸಾಕೋದು ಅಂತಾರಾ? ಹಿಂಸೆ ಅಂತಾರೆ!"

ಮೇಜಿನ ಮೇಲೆ ನಿಂತಿದ್ದ ನಾಯಿಯ ಬೆನ್ನಿಗೆ ಬಾಚಣಿಗೆ ಹಾಕಿದವಳೇ ಅವಳು ಸಿಡಿದುಬಿಟ್ಟಳು. ನಾಯಿಗಳ ಕೂದಲು ಕತ್ತರಿಸುವ ಆ ಪುಟ್ಟ ಅಂಗಡಿಗೆ ಅವನು ಬಂದದ್ದು ಅದೇ ಮೊದಲು.

"ದಿನಾ ಬಾಚ್ತೀನಿ ಮೇಡಂ..."

"ಸುಳ್ಳು ಬೇರೆ! ಮೇಲೆ ನೋಡಿದ್ರೆ ರೇಷ್ಮೆ, ಒಳಗೆ ನೋಡಿದ್ರೆ ಕಂಬಳಿ. ಚರ್ಮಕ್ಕೆ ಗಾಳಿನೇ ಆಡ್ತಿಲ್ಲ!"

ಅವನು ಗಡಿಯಾರ ನೋಡಿದ. "ಸ್ವಲ್ಪ ಮಟ್ಟ ಮಾಡಿದ್ರೆ ಸಾಕು. ಗುಂಗುರು ಹಾಗೇ ಇರ್ಲಿ, ದಯವಿಟ್ಟು. ನಾನು ಅರ್ಜೆಂಟಾಗಿ ಹೋಗ್ಬೇಕು" ಎಂದವನೇ ಹೊರಟುಹೋದ.

ಅವಳಿಗೆ ಮೈಯೆಲ್ಲ ಉರಿಯಿತು. ನಾಯಿಗೆ ನೋವು, ಇವನಿಗೆ ಚಂದದ ಚಿಂತೆ!

ನಾಯಿಗಳ ಕೂದಲು ಅವಳಿಗೆ ಕರತಲಾಮಲಕ. ಎರಡು ಪದರದ ಕೂದಲಿನ ನಾಯಿಗಳನ್ನು ಬೋಳಿಸಬಾರದು, ಮತ್ತೆ ಸರಿಯಾಗಿ ಬೆಳೆಯುವುದೇ ಅನುಮಾನ. ಒರಟು ಕೂದಲಿನವಕ್ಕೆ ಸತ್ತ ಕೂದಲನ್ನು ಕೈಯಿಂದಲೇ ಕೀಳಬೇಕು. ಇಂಥ ಗುಂಗುರಿನದು ಮಾತ್ರ ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಹೋಗುತ್ತದೆ. ಬುಡದವರೆಗೆ ಬಾಚದಿದ್ದರೆ ಒಳಗೊಳಗೇ ಗಂಟುಕಟ್ಟುತ್ತದೆ, ಆಮೇಲೆ ಬೋಳಿಸದೆ ವಿಧಿಯಿಲ್ಲ. ಬೆನ್ನು, ಹೊಟ್ಟೆ, ಕಾಲು... ಎಲ್ಲ ಬೋಳಿಸಿದಳು.

ಕಿವಿಯಲ್ಲಿ ಒಂದು ಗಂಟೂ ಇರಲಿಲ್ಲ. ಅಲ್ಲಿನ ಗುಂಗುರನ್ನು ಉಳಿಸಬಹುದಿತ್ತು. ಆದರೆ ಸಿಟ್ಟು ಕೈಗಿಳಿದಿತ್ತು. ಅದನ್ನೂ ತೆಗೆದುಬಿಟ್ಟಳು.

ಸಂಜೆ ಬಂದವನು ನಾಯಿಯ ಬೋಳು ಕಿವಿಯನ್ನು ಮುಟ್ಟಿ ಮುಟ್ಟಿ ನೋಡಿದ.

"ಕಿವೀದೂ ತೆಗೆದುಬಿಟ್ರಾ..."

"ಕೂದಲು ತಾನೇ? ಬೆಳೆಯುತ್ತೆ."

"ನಮ್ಮಮ್ಮನಿಗೆ ಅಷ್ಟು ಟೈಮಿಲ್ಲ ಮೇಡಂ."

ಅವನ ದನಿಯಲ್ಲಿ ಕೋಪವೇ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು.

"ಹಾಸಿಗೆ ಹಿಡಿದಿದ್ದಾರೆ. ಕಣ್ಣೂ ಹೋಗಿದೆ. ಇವನ... ಈ ನಮ್ಮ ಉಂಡೆಯ ಕಿವಿ ಹಿಡ್ಕೊಂಡ್ರೇನೇ ಅವರಿಗೆ ನಿದ್ದೆ. ಮೊದಲು ಅವರೇ ಬಾಚ್ತಿದ್ರು... ಬುಡದಿಂದ ಬಾಚ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ."

ಅಂದರೆ ದಿನಾ ಬಾಚುತ್ತಿದ್ದದ್ದು ನಿಜ! ಕಿವಿಯಲ್ಲಿ ಗಂಟೇಕೆ ಇರಲಿಲ್ಲ ಎಂಬುದೂ ಅವಳಿಗೆ ಈಗ ಹೊಳೆಯಿತು. ಅಲ್ಲಿ ಆ ತಾಯಿಯ ಬೆರಳು ದಿನವೂ ಆಡುತ್ತಿತ್ತು.

'ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!'

ಮರುದಿನವೇ ಅವರ ಮನೆಗೆ ಹೋದಳು. ಅಮ್ಮನ ಕೈ ನಾಯಿಯ ಕಿವಿ ಮುಟ್ಟಿತು, ಹಿಂದೆ ಸರಿಯಿತು.

"ಯಾರ ಮನೆ ನಾಯೋ ಇದು? ನಮ್ಮ ಉಂಡೆ ಎಲ್ಲಿ?"

"ಇದೇ ಉಂಡೆ, ಅಮ್ಮಾ..."

"ಕಣ್ಣಿಲ್ಲ ಅಂತ ಆಟ ಆಡಿಸ್ಬೇಡ ಮಗಾ."

ಮಾತ್ರೆಗಳ ಮಂಪರಿನಲ್ಲಿದ್ದ ಆ ಜೀವಕ್ಕೆ ಬೇರೆ ಯಾವ ಗುರುತೂ ಉಳಿದಿರಲಿಲ್ಲ. ಆ ಗುಂಗುರು ಕತ್ತರಿಸಿದವಳು ಗೋಡೆಯ ಕಡೆ ತಿರುಗಿ ಅತ್ತಳು.

ಆಮೇಲೆ ವಾರವಾರವೂ ಹೋದಳು. ಕೂದಲನ್ನು ಪದರ ಪದರವಾಗಿ ಬಿಡಿಸಿ ಬುಡದಿಂದ ಬಾಚುವುದನ್ನು ಅವನಿಗೆ ಕಲಿಸಿದಳು. ಅಮ್ಮನಿಗೆ ಗಂಜಿ ಕುಡಿಸುವ ಅವನ ಕೈ, ನಿದ್ದೆಗೆಟ್ಟ ಅವನ ಕಣ್ಣು... ನೋಡುತ್ತಾ ನೋಡುತ್ತಾ ಮನಸ್ಸು ಅವನದಾಗಿತ್ತು.

"ಏನೇ, ಬೆಳೀತಿರೋದು ನಾಯಿ ಕೂದಲೊಂದೇನಾ?" ಅಂಗಡಿ ನೋಡಿಕೊಳ್ಳುವ ಅಕ್ಕ ಕಾಲೆಳೆದಳು.

"ಸುಮ್ನಿರೇ ಅಕ್ಕ! ಅವರ ಮುಂದೆ ತಲೆ ಎತ್ತೋ ಯೋಗ್ಯತೆನೂ ನಂಗಿಲ್ಲ."

ಒಂದು ಬೆಳಗ್ಗೆ ಅವನ ಫೋನ್ ಬಂತು. "ಅಮ್ಮ ಉಂಡೆ ಉಂಡೆ ಅಂತ ಒಂದೇ ಸಮ ಕರೀತಿದ್ದಾರೆ. ಏನು ಮಾಡ್ಲಿ?"

ಆಗಷ್ಟೇ ತಲೆಗೆ ಸ್ನಾನ ಮಾಡಿದ್ದಳು. ಕೂದಲನ್ನೂ ಕಟ್ಟದೆ ಓಡಿದಳು. ನಾಯಿಯನ್ನೆತ್ತಿ ಹಾಸಿಗೆಯ ಮೇಲೆ ಬಿಡಲು ಬಾಗಿದಾಗ ಅವಳ ಒದ್ದೆ ಗುಂಗುರು ಕೂದಲು ಅಮ್ಮನ ಕೈಮೇಲೆ ಬಿತ್ತು. ನಡುಗುವ ಬೆರಳುಗಳು ಅದನ್ನು ಹಿಡಿದುಕೊಂಡವು.

"ಬಂದ್ಯೇನೋ ಉಂಡೆ? ಇಷ್ಟು ದಿನ ಎಲ್ಲಿಗೋಗಿದ್ದೆ...?"

ಅವಳು ಉಸಿರು ಬಿಗಿಹಿಡಿದಳು. ಅಲ್ಲ ಎನ್ನಲೇ? ಮಂಡಿಯೂರಿ ಹಾಸಿಗೆಯ ಅಂಚಿಗೆ ತಲೆಯಿಟ್ಟಳು. ಉಂಡೆಯೂ ಅಮ್ಮನ ಮಗ್ಗುಲಲ್ಲಿ ನುಸುಳಿ ಮಲಗಿತು. ಬೆರಳುಗಳು ಆಡುತ್ತಾ ಆಡುತ್ತಾ ನಿಧಾನವಾದವು. ಬಾಗಿಲಲ್ಲಿ ಅವನು ಬಾಯಿಗೆ ಕೈ ಒತ್ತಿ ನಿಂತಿದ್ದ.

ಆ ನಿದ್ದೆಯಿಂದ ಅಮ್ಮ ಏಳಲಿಲ್ಲ.

ಮತ್ತೆ ಅವನ ಸುದ್ದಿಯೇ ಇಲ್ಲ. 'ಸಾಯುವ ಜೀವಕ್ಕೆ ಮೋಸ ಮಾಡಿದವಳನ್ನು ಅವನಾದರೂ ಹೇಗೆ ಕ್ಷಮಿಸಿಯಾನು?' ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಅಂಗಡಿಯ ಬಾಗಿಲು ತೆರೆಯಿತು. ಅವನು! ಕಂಕುಳಲ್ಲಿ ಉಂಡೆ. ಅಕ್ಕ ಏನೋ ನೆಪ ಹೇಳಿ ಒಳಗೆ ಸರಿದಳು.

"ಅವತ್ತು ನಾನು... ನಿಮ್ಮಮ್ಮನಿಗೆ ಸುಳ್ಳಾಡಿದ ಹಾಗಾಯ್ತು," ಎಂದಳು ಅವಳು. "ಅವರ ಉಂಡೆನ ಅವರಿಂದ ಕಿತ್ಕೊಂಡವಳೇ ನಾನು."

"ಸಿಟ್ಟಿತ್ತು. ಇಲ್ಲ ಅನ್ನಲ್ಲ," ಎಂದ ಅವನು. "ಆದ್ರೆ ಅಮ್ಮ ನಗ್ತಾ ನಿದ್ದೆ ಹೋದ್ರು. ನೀವು ಬಾಗಿದ್ದರಿಂದ ಕಾಣ್ಲಿಲ್ಲ. ನಾನು ನೋಡಿದೆ. ಅದನ್ನ ನಿಮಗೆ ಹೇಳ್ಬೇಕಿತ್ತು. ಬರೋಕೆ ಕಾಲೇ ಬರ್ಲಿಲ್ಲ."

ಅವಳ ಕಣ್ಣು ತುಂಬಿ ಹರಿಯಿತು.

"ಮನೇಲಿ ಇರೋಕಾಗ್ತಿಲ್ಲ. ನೀವು ಬರ್ತೀರೇನೋ ಅಂತ ವಾರವಾರ ಬಾಗಿಲು ನೋಡ್ತೀನಿ."

"ಉಂಡೆಗೆ ಇನ್ನು ನಾನ್ಯಾಕೆ? ಬಾಚೋದು ನೀವೇ ಕಲಿತ್ರಲ್ಲ."

"ಉಂಡೆಗಲ್ಲ... ನನಗೆ. ನೀವಂದ್ರೆ ನನಗಿಷ್ಟ." ಅವನು ಉಂಡೆಯನ್ನು ಕೆಳಗೆ ಬಿಟ್ಟ. "ಅಮ್ಮ ಹೋದ ಮೇಲೆ ಒಂದು ಸಲಾನೂ ಅತ್ತಿಲ್ಲ ನಾನು."

ಅವಳು ಹತ್ತಿರ ಬಂದು ಅವನ ಕೈ ಹಿಡಿದಳು.

"ಇಲ್ಲೇ ಅತ್ತುಬಿಡಿ."

"ನೀವು?"

"ನಾನೂ ಅಳ್ತೀನಿ. ಎಲ್ಲಿಗೂ ಹೋಗಲ್ಲ."