ಬೆಂಡೆಕಾಯಿ ಲೋಳೆ ಮತ್ತು ಮುರಿದ ಚಿಲಕ

"ನನ್ನ ಲೋಳೆ ಎಲ್ಲಿ?!"

ಸಂಶೋಧನಾ ವಿದ್ಯಾರ್ಥಿನಿಯ ಕೂಗಿಗೆ ಲ್ಯಾಬಿನ ಗಾಜಿನ ಕೊಳವೆಗಳೂ ಒಮ್ಮೆ ನಡುಗಿರಬೇಕು. ಯಂತ್ರ ರಿಪೇರಿಗೆಂದು ಹೊಸದಾಗಿ ಸೇರಿದ್ದ ಮೆಕ್ಯಾನಿಕ್, ಫಳಫಳ ಹೊಳೆಯುವ ಬೀಕರ್ ಹಿಡಿದು ಕಣ್ಣು ಕಣ್ಣು ಬಿಟ್ಟ.

"ಅದಾ... ಅಂಟಂಟಾಗಿತ್ತು. ಪಾಪ, ನಿಮಗೆ ಟೈಮ್ ಸಿಕ್ಕಿಲ್ವೇನೋ ಅಂತ ನಾನೇ ಉಜ್ಜಿ ತೊಳೆದೆ ಮೇಡಂ!"

ಮೂರು ವಾರ! ಬೆಂಡೆಕಾಯಿ ಹೆಚ್ಚಿ, ಕುದಿಸಿ, ಸೋಸಿ ತೆಗೆದ ಲೋಳೆ ಚರಂಡಿ ಪಾಲಾಗಿತ್ತು. ಮುಂದಿನ ವಾರದ ಶುಕ್ರವಾರದೊಳಗೆ ಫಲಿತಾಂಶ ತೋರಿಸದಿದ್ದರೆ ಸಂಶೋಧನೆಯನ್ನೇ ನಿಲ್ಲಿಸುವುದಾಗಿ ಗೈಡ್ ಮೇಡಂ ಹೇಳಿಬಿಟ್ಟಿದ್ದರು. ಅಳು ನುಂಗಿಕೊಂಡು ಅವಳು ಚಾಕು ಕೈಗೆತ್ತಿಕೊಂಡಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಹೆದರ್ಬೇಡಿ, ನಿಮಗಲ್ಲ! ಹನ್ನೆರಡು ಕೆಜಿ ಬೆಂಡೆಕಾಯಿ ಹೆಚ್ಚಬೇಕು. ಕೂತ್ಕೊಳ್ಳಿ!"

ಕೂತ. ಅಂದು ಮಾತ್ರವಲ್ಲ, ದಿನಾ ಸಂಜೆ ತನ್ನ ಕೆಲಸ ಮುಗಿಸಿ ಬಂದು ಕೂತ. ನಾಲ್ಕು ಕೈ ಸೇರಿದ್ದೇ ತಡ, ಮೂರು ವಾರದ ಕೆಲಸ ಹತ್ತು ದಿನಕ್ಕಿಳಿಯಿತು.

"ಇಷ್ಟೆಲ್ಲ ಮಾಡಿ ಇದ್ರಿಂದ ಏನುಪಯೋಗ?"

"ಜೀವಕೋಶಕ್ಕೆ ಒತ್ತಡ ಜಾಸ್ತಿಯಾದ್ರೆ ಒಂದಷ್ಟು ಪುಂಡ ಕಣಗಳು ಹುಟ್ಟಿ, ಸಿಕ್ಕಿದ್ದನ್ನೆಲ್ಲ ಕೆಡಿಸ್ತಾವೆ. ಈ ಲೋಳೆಲಿರೋ ಉದ್ದುದ್ದ ಸಕ್ಕರೆ ಸರಪಳಿಗಳು ಅವನ್ನ ಸುಮ್ಮನಾಗಿಸುತ್ವಾ ಅಂತ ನೋಡ್ತಿದೀನಿ."

"ಹಾಗಾದ್ರೆ ಅವತ್ತೇ ನಿಮಗೊಂದು ಲೋಟ ಕುಡಿಸ್ಬೇಕಿತ್ತು!"

ಸಿಟ್ಟು ಮಾಡಬೇಕೆಂದುಕೊಂಡವಳು ನಕ್ಕುಬಿಟ್ಟಳು. ಮರುದಿನದಿಂದ ಸಂಜೆ ಐದಾದರೆ ಅವಳ ಕಣ್ಣು ತಾನಾಗಿಯೇ ಬಾಗಿಲ ಕಡೆ ಹೊರಳತೊಡಗಿತು.

ಗುರುವಾರ ಅವನ ಫೋನ್ ಮಾತು ಅವಳ ಕಿವಿಗೆ ಬಿತ್ತು. "ನಾಳೆ ಒಂದಿನ ಅಕ್ಕಾ... ಈ ಬೆಂಡೆಕಾಯಿ ಶಿಕ್ಷೆ ಮುಗಿದ್ರೆ ಸಾಕಾಗಿದೆ ನಂಗೆ!"

ಶಿಕ್ಷೆಯಾ? ನಾನೊಬ್ಬಳೇ ಏನೇನೋ ಅಂದುಕೊಂಡುಬಿಟ್ಟೆನಲ್ಲ...

ಶುಕ್ರವಾರ ಪುಂಡ ಕಣಗಳಿದ್ದ ನೇರಳೆ ದ್ರಾವಣದ ಕೊಳವೆಗಳಿಗೆ ಒಣಗಿಸಿದ ಲೋಳೆಯ ಪುಡಿ ಬೆರೆಸಿ ಕತ್ತಲ ಕಪಾಟಿನಲ್ಲಿಟ್ಟಳು. ಅರ್ಧ ಗಂಟೆಯಲ್ಲಿ ಬಣ್ಣ ಹಳದಿಗೆ ತಿರುಗಿದರೆ ಗೆದ್ದಂತೆ. ನಡುವೆ ಬೆಳಕು ಬಿದ್ದರೆ ಎಲ್ಲ ಹಾಳು! ಕಪಾಟಿನ ಚಿಲಕವೋ ಮುರಿದಿತ್ತು. ಹಿಂದಿನ ಚಿಕ್ಕಪುಟ್ಟ ಪರೀಕ್ಷೆಗಳಿಗೆ ನಿಂತ ಹಾಗೆಯೇ ಅವನು ಅದರ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಇನ್ನರ್ಧ ಗಂಟೆ. ಆಮೇಲೆ ನಿಮ್ಮ ಶಿಕ್ಷೆ ಮುಗೀತು," ಎಂದು ಅವಳು ಟೈಮರ್ ಒತ್ತಿದಳು.

"ಅಯ್ಯೋ, ಕೇಳಿಸ್ಕೊಂಡ್ರಾ? ಆ ಹುಡುಗಿಗೆ ಯಾವಾಗ ಹೇಳ್ತೀಯೋ ಅಂತ ಅಕ್ಕ ದಿನಾ ಪ್ರಾಣ ತಿಂತಾಳೆ. ತಪ್ಪು ಮಾಡಿದೋನಾಗಿ ಹೇಳೋಕೆ ಮನಸ್ಸು ಬರ್ಲಿಲ್ಲ. ಎಲ್ಲ ಸರಿಮಾಡಿ, ತಲೆ ಎತ್ತಿ ಹೇಳೋಣ ಅಂತ..."

"ಏನ್ ಹೇಳೋದು?"

"ನೀವಂದ್ರೆ ನಂಗೆ ತುಂಬಾ ಇಷ್ಟ. ಬೆಂಡೆಕಾಯಿ ಮಾತ್ರ ಈ ಜನ್ಮದಲ್ಲಿ ತಿನ್ನಲ್ಲ!"

ಟ್ರಿಣ್! ಸಮಯ ಮುಗಿಯಿತು. ಅವನು ಸರಿದದ್ದೇ ಬಾಗಿಲು ತಾನೇ ತೆರೆದುಕೊಂಡಿತು. ಹೋಲಿಕೆಗೆಂದು ಲೋಳೆ ಹಾಕದೆ ಇಟ್ಟಿದ್ದ ಒಂದು ಕೊಳವೆ ನೇರಳೆಯಾಗೇ ಇತ್ತು. ಉಳಿದವೆಲ್ಲ ಹಳದಿ!

"ಗೆದ್ವಿ!" ಅವಳು ಅವನ ತೋಳು ಹಿಡಿದು ಕುಣಿದಳು. ಮರುಕ್ಷಣ ಹುಬ್ಬು ಗಂಟಿಕ್ಕಿದಳು.

"ಅಲ್ಲಾ, ಇಡೀ ಲ್ಯಾಬಿನ ಯಂತ್ರ ರಿಪೇರಿ ಮಾಡೋನಿಗೆ ಒಂದು ಚಿಲಕ ಹಾಕೋಕೆ ಬರಲ್ವಾ?"

ಅವನು ಜೇಬಿನಿಂದ ಹೊಸ ಚಿಲಕ ತೆಗೆದ. "ಎರಡನೇ ದಿನವೇ ತಂದಿದ್ದೆ. ಹಾಕ್ಬಿಟ್ರೆ ಇಲ್ಲಿ ನಿಲ್ಲೋಕೆ ನಂಗೆ ನೆಪ ಬೇಕಲ್ಲ..."

ಅವಳು ಅದನ್ನು ಕಸಿದುಕೊಂಡು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

"ಇದು ನನ್ನ ಹತ್ರಾನೇ ಇರ್ಲಿ ಬಿಡು. ಇದೇ ಪರೀಕ್ಷೆ ಇನ್ನೂ ಎರಡು ಸಲ ಮಾಡ್ಬೇಕು. ನಾಳೆ ಬೇಗ ಬಾ."