ಇಳಕಲ್ಲಿನಿಂದ ಬಂದ ಕುರಿ ದವಡೆ

ಮೊದಲ ಭೇಟಿಯಲ್ಲಿ ಹುಡುಗರು ಹೂ ಕೊಡುತ್ತಾರೆ ಅಂತ ಕೇಳಿದ್ದೆ. ಸಂತೋಷಕುಮಾರ ನನ್ನ ಟೇಬಲ್ ಮೇಲೆ ತೊಳೆದ ಕುರಿ ದವಡೆ ಇಟ್ಟ.

ಅವನು ಇಳಕಲ್ಲಿನ ಹಲ್ಲಿನ ಡಾಕ್ಟರು. ನಾನು ಬಾಗಲಕೋಟೆಯಲ್ಲಿ ದವಡೆಯ ಕೋನ್ ಬೀಮ್ ಸ್ಕ್ಯಾನ್ ಮಾಡಿ ರಿಪೋರ್ಟ್ ಬರೆಯುವವಳು. ಇಂಪ್ಲಾಂಟ್ ಹಲ್ಲು ಕೂರಿಸುವ ಮುಂಚೆ ಎಲುಬು ಎಷ್ಟು ಗಟ್ಟಿ ಎಂದು ಅವನಿಗೆ ತಿಳಿಯಬೇಕು. ನಾನೋ, ಮಷೀನು ತೋರಿಸಿದ ಸಾಂದ್ರತೆಯ ಅಂಕಿಯ ಕೆಳಗೆ ಪ್ರತಿ ಸಲವೂ ‘ಇದೊಂದನ್ನೇ ನಂಬಬೇಡಿ’ ಎಂದು ಬರೆಯುತ್ತಿದ್ದೆ. ಅದಕ್ಕೇ ಜಗಳಕ್ಕೆ ಬಂದಿದ್ದ.

“ನಿಮ್ಮ ಮಷೀನ್ ನೀವ ನಂಬಂಗಿಲ್ಲ ಅಂದ್ರ ಹೆಂಗ್ರಿ, ಶೈಲಾ ಮೇಡಂ?”

“ದವಾಖಾನಿ ದೊಡ್ಡ ಸಿ.ಟಿ. ಬ್ಯಾರೆ, ಇದು ಬ್ಯಾರೆ. ಎಲುಬು ಅದ ಇದ್ರೂ, ಇಟ್ಟ ಜಾಗಾ ಸರದ್ರ ನಂಬರ್ ಬದಲಾಗ್ತದ್ರಿ.”

“ತೋರಸ್ರಿ ನೋಡೂಣು.”

ತೋರಿಸಿದೆ. ದವಡೆಯನ್ನು ಮಷೀನಿನ ನಡುವೆ ಇಟ್ಟು ಒಮ್ಮೆ, ಅಂಚಿಗೆ ಸರಿಸಿ ಇನ್ನೊಮ್ಮೆ. ಅದೇ ಎಲುಬು, ಬೇರೆ ಬೇರೆ ಅಂಕಿ. ಮುಖ ಗಂಟಿಕ್ಕುತ್ತಾನೆ ಅಂದುಕೊಂಡರೆ ಹೊಟ್ಟೆ ತುಂಬ ನಕ್ಕ. ನಕ್ಕಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗುತ್ತದೆ. ಅಷ್ಟನ್ನು ನಾನು ಯಾಕೆ ನೋಡಿದೆನೋ!

“ಸೋತೆ. ಮುಂದಿನ ಗುರುವಾರ ಇನ್ನೊಂದು ತರ್ತೇನಿ.”

“ಸೋತ ಮ್ಯಾಲೆ ಯಾಕ್ರಿ?”

“ಒಂದ ದವಡಿ ನೋಡಿ ಹೆಂಗ ನಂಬೂದ್ರಿ?”

ಹಾಗೆ ಪ್ರತಿ ಗುರುವಾರ ಬಂದ. ನಾನು ದವಡೆ ಸರಿಸುವಾಗ ಅವನು ಮಾನಿಟರ್ ನೋಡಬೇಕಿತ್ತು. ಕಿಟಕಿಯ ಗಾಜಿನಲ್ಲಿ ನೋಡಿದರೆ, ನನ್ನ ಜಡೆ ನೋಡುತ್ತಿದ್ದ. ತಟ್ಟನೆ ತಿರುಗಿದರೆ ಗೋಡೆಯ ಕ್ಯಾಲೆಂಡರಿನ ಮೇಲೆ ಭಾರೀ ಆಸಕ್ತಿ. ನಾನೇನು ಕಡಿಮೆ? ಗುರುವಾರಕ್ಕೆಂದೇ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಸಿದೆ.

ಅವನ ಮನೆಯಿಂದಲೇ ಹೆಣ್ಣು ಕೇಳಿಕೊಂಡು ಬಂದರು. ಇನ್ನೇನು ನಿಶ್ಚಯದ ದಿನ ಗೊತ್ತು ಮಾಡಬೇಕು, ಅಷ್ಟರಲ್ಲಿ ಸುದ್ದಿ ಬಂತು: ಹುಡುಗ ವಾರಾವಾರ ಮತೀನನ ಮಟನ್ ಅಂಗಡಿಗೆ ಹೋಗುತ್ತಾನಂತೆ!

ಎರಡೂ ಮನೆಯವರು ಲಿಂಗಪೂಜೆ ಆಗದೆ ಚಹಾ ಕೂಡ ಮುಟ್ಟದವರು. ಅಲ್ಲಿ ಅವನ ತಾಯಿ ಬಸಲಿಂಗವ್ವ ಮಗನ ಜೊತೆ ಮಾತು ಬಿಟ್ಟರು. ಇಲ್ಲಿ ನನ್ನ ಅಪ್ಪ ರಾಚಪ್ಪ, “ಈ ಸಂಬಂಧ ಬ್ಯಾಡ” ಎಂದುಬಿಟ್ಟ. ನಾನು ಎಷ್ಟು ಬಿಡಿಸಿ ಹೇಳಿದರೂ, “ಅವನ ಪರ ಮಾತಾಡಬ್ಯಾಡ” ಎಂದೇ ಉತ್ತರ.

ನನಗೆ ಅವನು ಬೇಕಿತ್ತು. ಒಂದು ಎಲುಬಿನ ತುಂಡಿಗಾಗಿ ಕಳೆದುಕೊಳ್ಳಲು ಸಿದ್ಧಳಿರಲಿಲ್ಲ. ಊಟ ಬಿಟ್ಟು, ಮುಖ ಊದಿಸಿ, ಕೊನೆಗೆ ಅಪ್ಪನನ್ನು ಇಳಕಲ್ಲಿಗೆ ಹೊರಡಿಸಿ, ನಾನೂ ಜೊತೆಗೆ ಹೋದೆ.

ಅವರ ಪಡಸಾಲೆಯಲ್ಲಿ ಸಂತೋಷ ಲೋಟವೇ ದವಡೆ, ತಟ್ಟೆಯೇ ಮಷೀನು ಎಂದು ಜೋಡಿಸಿ ಪಾಠ ಶುರು ಮಾಡಿದ. “ದವಡಿ ನಡಕ ಇಟ್ರ ಒಂದು ನಂಬರ್ರಿ, ಅಂಚಿಗೆ ಇಟ್ರ ಇನ್ನೊಂದು.” ಅಪ್ಪನ ಹುಬ್ಬು ನಿಧಾನಕ್ಕೆ ಇಳಿಯಿತು.

“ಅಂದ್ರ, ತಿನ್ನಾಕಲ್ಲಾ?”

“ಶಿವನಾಣಿ ಇಲ್ರಿ ಮಾಮಾರ!”

ಅಪ್ಪ ಉಸಿರು ಬಿಟ್ಟ. ಬಸಲಿಂಗವ್ವ ಮಾತ್ರ ಕೈ ಎತ್ತಿ ತಡೆದರು.

“ತಡೀಪಾ. ಆ ನಂಬರ್ ನಂಬಾಕ ಬರಂಗಿಲ್ಲಂತ ನಿನಗ ಯಾವಾಗ ತಿಳೀತು?”

“ಮೊದಲನೇ ದಿನಾನ, ಯವ್ವಾ.”

“ಮತ್ತ ಆಮ್ಯಾಲೆ ವಾರಾವಾರಾ ಯಾಕ ಹೊತಗೊಂಡು ಹೋದಿ?”

ಪಾಠ ನಿಂತಿತು. ಸಂತೋಷ ಲೋಟ ನೋಡಿದ, ತಟ್ಟೆ ನೋಡಿದ. ಕಿವಿ ಎರಡೂ ಕೆಂಪಾದವು. ಆಮೇಲೆ ತಲೆ ಎತ್ತಿ ನೇರ ನನ್ನನ್ನೇ ನೋಡುತ್ತ ಹೇಳಿದ:

“ಈಕೀನ್ನ ನೋಡಾಕವ್ವಾ.”

ಬಸಲಿಂಗವ್ವ ನನ್ನ ಕಡೆ ತಿರುಗಿದರು. “ನಿನಗೂ ಗೊತ್ತಿತ್ತಲ್ಲಬೇ? ಇನ್ನ ತರಬ್ಯಾಡ ಅನ್ನಾಕ ಬಾಯಿ ಬರಲಿಲ್ಲೇನು?”

“ಅಂದಿದ್ರ,” ಸೆರಗಿನ ತುದಿ ಸುತ್ತುತ್ತ ಹೇಳಿದೆ, “ಬರೂದ ಬಿಡ್ತಿದ್ರಲ್ರಿ.”

ಅಪ್ಪ ಕೆಮ್ಮಿದ. ಕೆಮ್ಮು ನಗೆಯಾಯಿತು. ಬಸಲಿಂಗವ್ವನೂ ನಕ್ಕು, ಕಣ್ಣು ಒರೆಸಿಕೊಂಡು ಮಗನ ಬೆನ್ನಿಗೊಂದು ಗುದ್ದು ಕೊಟ್ಟರು.

“ಲಗ್ನ ಆಗೂತನಕ ವಾರಾವಾರಾ ಹೋಗಪಾ, ಯಾರು ಬ್ಯಾಡಂದ್ರು? ಬರೇ ಕೈಲೆ ಹೋಗು.”